ಕ್ಲಚ್ ಇಲ್ಲದ ಗಾಡಿ

ಮಧ್ಯಾಹ್ನ ಎರಡು ಗಂಟೆಗೆ ಬಸವೇಶ್ವರಿ ಬುತ್ತಿ ಮುಗಿಸಿ, ಕೈ ತೊಳೆದು ಹೊರಗೆ ಬಂದಳು. ಹುಣಸೆ ಮರದ ಕೆಳಗೆ ಗಾಡಿ ಇರಲಿಲ್ಲ.

ಒಂದು ಗಂಟೆಗೆ ತಾನೇ ಅಲ್ಲಿ ನಿಲ್ಲಿಸಿದ್ದಳು. ಮಕ್ತಲ್ ಊರಾಚೆ, ದಿಬ್ಬದ ಮೇಲೆ ಕುರಿಗಾರರ ಸಂಘದ ಕಚೇರಿ. ಹುಣಸೆ ಮರದ ಬುಡದಿಂದಲೇ ಇಳಿಜಾರು. ಕೆಳಗೆ ಕಣ್ಣು ಹಾಯಿಸಿದಳು. ಐವತ್ತು ಹೆಜ್ಜೆ ದೂರದ ಜಾಲಿ ಪೊದೆಯೊಳಗೆ ಮೂತಿ ತೂರಿಸಿ ನಿಂತಿತ್ತು, ಹೊಚ್ಚ ಹೊಸ ಫೋರ್‌ವೀಲ್ ಡ್ರೈವ್!

ಕುಂಟುತ್ತಲೇ ಓಡಿದಳು. ಹಿಂಬಾಗಿಲು ತೆಗೆದಳು. ಹಿಂದಿದ್ದ ಐಸ್‌ಪೆಟ್ಟಿಗೆ ಹಾರಿಬಂದು ಮುಂದಿನ ಸೀಟಿನ ಬೆನ್ನಿಗೆ ಬಡಿದು ಒಡೆದಿತ್ತು. ಲಸಿಕೆಯ ಬಾಟಲಿಗಳು ಚೂರುಚೂರು. ನಾಳೆ ಬೆಳಿಗ್ಗೆ ಗುಂಡುಮಾಲ್‌ನಲ್ಲಿ ಆರುನೂರು ಕುರಿಗಳಿಗೆ ಹಾಕಬೇಕಿದ್ದ ಲಸಿಕೆ!

ಅವಳ ಕೂಗು ಕೇಳಿ ಮೂವರು ಬಂದರು. ಮೊದಲು ಬಂದವರು ಸಂಘದ ಅಧ್ಯಕ್ಷ ವೆಂಕಟಯ್ಯ. ಹೆಗಲ ಮೇಲಿನ ಟವೆಲನ್ನು ಕುತ್ತಿಗೆಗೆ ಬಿಗಿಯಾಗಿ ಸುತ್ತಿಕೊಂಡಿದ್ದರು. ಅವಳತ್ತ ಇಡೀ ಮೈಯನ್ನೇ ತಿರುಗಿಸಿ ನಿಂತು, "ಯಾರೂ ಮುಟ್ಟಬ್ಯಾಡ್ರಿ" ಎಂದರು.

ಎರಡನೆಯವನು ಮಲ್ಲೇಶ. ಸಂಘದ ಹಳೆಯ ಜೀಪನ್ನು ಇಪ್ಪತ್ತು ವರ್ಷದಿಂದ ಓಡಿಸುತ್ತಿರುವವನು. ಗಾಡಿಯೊಳಗೆ ಇಣುಕಿ ತಲೆ ಅಲ್ಲಾಡಿಸಿದ. "ನೋಡ್ರಿ, ಗೇರು ನ್ಯೂಟ್ರಲ್‌ನಾಗ ಐತಿ. ಹ್ಯಾಂಡ್‌ಬ್ರೇಕೂ ಬಿಟ್ಟೈತಿ. ಚಾವಿ ಒಳಗೇ ಐತಿ. ಉರುಳದ ಏನ್ ಮಾಡ್ತೈತಿ?"

"ಇಲ್ಲ ಮಲ್ಲೇಶಣ್ಣ! ನಾ ಗೇರು ಪಿ, ಅಂದ್ರ ಪಾರ್ಕಿಂಗ್ ಒಳಗ ಹಾಕಿ, ಹ್ಯಾಂಡ್‌ಬ್ರೇಕ್ ಎಳದು, ಚಾವಿ ತಂದು ಕಚೇರಿ ಮೊಳೆಗೆ ಹಾಕೀನಿ."

"ಮತ್ತ ಚಾವಿ ಗಾಡಿಗೆ ತಾನಾಗೇ ನಡಕೊಂಡು ಬಂತೇನು?"

ಮೂರನೆಯವನು ಗದ್ವಾಲದ ಶೋರೂಮಿನ ಭಾನುಪ್ರಕಾಶ. ಮುಖ ಬಿಳಿಚಿಕೊಂಡು ಫೋನಿನಲ್ಲಿ ಮ್ಯಾನೇಜರನ್ನು ಹುಡುಕುತ್ತಿದ್ದ.

ಗಾಡಿ ಇನ್ನೂ ಶೋರೂಮಿನದೇ, ಕ್ಲಚ್ ಇಲ್ಲದ ಆಟೋಮ್ಯಾಟಿಕ್. ಹದಿನೈದು ದಿನ ಓಡಿಸಿ ನೋಡಲೆಂದು ಕಳಿಸಿದ್ದರು. ಕೃಷ್ಣೆಯ ದಂಡೆಯ ಮರಳು, ಹಳ್ಳದ ಕೆಸರು ದಾಟಿ ಕುರಿಹಟ್ಟಿಗಳಿಗೆ ಹೋಗಲು ಸಂಘಕ್ಕೆ ಎರಡನೆಯ ಗಾಡಿ ಬೇಕಿತ್ತು. ಆಟೋಮ್ಯಾಟಿಕ್ ಕೊಳ್ಳುವುದೋ, ಗೇರಿನದೋ? ಸಂಜೆ ಐದಕ್ಕೆ ಸಭೆಯಲ್ಲಿ ತೀರ್ಮಾನ. ಆಟೋಮ್ಯಾಟಿಕ್ ಆದರೆ ಬಸವೇಶ್ವರಿಯೇ ಡ್ರೈವರ್. ಗೇರಿನದಾದರೆ ಅವಳಿಗೆ ಕೆಲಸವಿಲ್ಲ. ಎರಡು ವರ್ಷದ ಹಿಂದೆ ಮೋಟರ್ ಸೈಕಲ್‌ನಿಂದ ಬಿದ್ದಾಗ ಎಡಗಾಲಿನ ಶಕ್ತಿ ಹೋಗಿತ್ತು. ಕ್ಲಚ್ ಒತ್ತಲು ಆಗದು.

"ಆಟೋಮ್ಯಾಟಿಕ್ ಬ್ಯಾಡ ಅಂತ ನಾ ಮೊದಲೇ ಹೇಳಿದ್ದೆ" ಎಂದ ಮಲ್ಲೇಶ. "ಬ್ಯಾಟರಿ ಕೂತ್ರ ಅದನ್ನ ದಬ್ಬಿ ಚಾಲೂ ಮಾಡಾಕ ಬರೂದಿಲ್ಲ. ಈಗ ನಿಲ್ಲಿಸಿದಲ್ಲಿ ನಿಲ್ಲೂದೂ ಇಲ್ಲ ಅಂತಾತು."

ವೆಂಕಟಯ್ಯ ಟವೆಲನ್ನು ಇನ್ನಷ್ಟು ಬಿಗಿದುಕೊಂಡರು. ಬಸವೇಶ್ವರಿ ಒಂದೇ ಒಂದು ನಂಬರಿಗೆ ಫೋನ್ ಮಾಡಿದಳು.

ಅರ್ಧ ಗಂಟೆಯಲ್ಲಿ ಹಳೆಯ ಸ್ಕೂಟರೊಂದು ದಿಬ್ಬ ಹತ್ತಿತು. ಇಳಿದವರು ಶರಣಯ್ಯ, ನಿವೃತ್ತ ಬ್ರೇಕ್ ಇನ್‌ಸ್ಪೆಕ್ಟರ್. ಅಪಘಾತವಾದ ಗಾಡಿಗಳನ್ನು ಮೂವತ್ತು ವರ್ಷ ಪರೀಕ್ಷಿಸಿದ ಕಣ್ಣು. ಕಾಲು ಕೆಟ್ಟ ಮೇಲೆ ಬಸವೇಶ್ವರಿಗೆ ಮತ್ತೆ ಸ್ಟೇರಿಂಗ್ ಹಿಡಿಯುವ ಧೈರ್ಯ ತುಂಬಿದವರೂ ಅವರೇ.

ಮಾತಾಡದೆ ಇಳಿಜಾರಿನುದ್ದಕ್ಕೂ ನಡೆದರು. ಪೊದೆಗೆ ಹತ್ತು ಹೆಜ್ಜೆ ಇರುವಾಗ ಕುಕ್ಕರಗಾಲಲ್ಲಿ ಕೂತು ಗರಸು ಮಣ್ಣನ್ನು ಬೆರಳಿನಿಂದ ಸವರಿದರು. ಬಂಪರ್ ನೋಡಿದರು. ಒಂದು ಗೀರೂ ಇಲ್ಲ. ಕೊನೆಗೆ ಒಳಗೆ ಕೈ ಹಾಕಿ ಚಾವಿ ಎಳೆದರು. ಬರಲಿಲ್ಲ.

"ಯಾರ್‍ಯಾರು ಎಲ್ಲೆಲ್ಲಿದ್ರಿ?"

"ಹಿತ್ತಲದಾಗ ಜೀಪ್ ತೊಳೀತಿದ್ದೆ" ಎಂದ ಮಲ್ಲೇಶ. "ನೀರಿನ ಮೋಟರ್ ಸದ್ದಿಗೆ ಏನೂ ಕೇಳಲಿಲ್ಲ."

"ನಾನೂ ಹಿತ್ತಲ ಕೋಣೆಯೊಳಗೇ ಉಣ್ತಿದ್ದೆ" ಎಂದಳು ಬಸವೇಶ್ವರಿ.

"ನಾನು ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿಗೆ ಹೋಗಿದ್ದೆ ಸರ್, ಎರಡಕ್ಕೆ ವಾಪಸ್ ಬಂದೆ" ಎಂದ ಭಾನುಪ್ರಕಾಶ.

"ಒಳಗ ಮಲಗಿದ್ದೆ" ಎಂದರು ವೆಂಕಟಯ್ಯ.

"ಭಾನುಪ್ರಕಾಶ, ಹೋಟೆಲಿಗೆ ಹೋಗೂವಾಗ ಚಾವಿ ಎಲ್ಲಿತ್ತು?"

"ಮೊಳೆ ಮೇಲಿತ್ತು ಸರ್. ಕೈ ತೊಳೆಯುವಾಗ ನೋಡಿದೆ. ಒಂದೂ ಹತ್ತು."

"ಈಗ ಯಾಕ ಎಳದ್ರೂ ಬರವಲ್ದು?"

ಭಾನುಪ್ರಕಾಶನ ಬಾಯಿ ತೆರೆಯಿತು. "ಅರೆ! ಈ ಗಾಡಿಯಲ್ಲಿ ಗೇರು ಪಿ ಒಳಗೆ ಇದ್ದರೆ ಮಾತ್ರ ಚಾವಿ ಹೊರಗೆ ಬರುತ್ತದೆ ಸರ್!"

"ಅಂದ್ರ ಚಾವಿ ಮೊಳೆಗೆ ಹೋಗೂವಾಗ ಗೇರು ಪಿ ಒಳಗ ಇತ್ತು. ಹುಡುಗಿ ಸುಳ್ಳು ಹೇಳಿಲ್ಲ." ಶರಣಯ್ಯ ನೆಲ ತೋರಿಸಿದರು. "ಇಲ್ಲಿ ನೋಡ್ರಿ, ಗಾಲಿ ಗರಸು ಉತ್ತಂಗ ಎರಡು ಗೆರೆ. ಗಾಡಿ ತಾನಾಗೇ ಉರುಳಿದ್ರ ಬ್ರೇಕ್ ಯಾರು ಒತ್ತಿದ್ರು?"

ಶರಣಯ್ಯ ಬಂಪರ್ ಮೇಲೆ ಕೈ ಆಡಿಸಿದರು.

"ಪೊದಿ ಮೆತ್ತಗ ಐತಿ, ಬಂಪರ್ ನೆಟ್ಟಗೈತಿ. ಪೆಟ್ಟಿಗೆ ಒಡದದ್ದು ಪೊದಿಗೆ ಹೊಡದು ಅಲ್ಲ, ಈ ಬ್ರೇಕಿಗೆ. ದಿಬ್ಬ ಇಳಿಯೂ ಗಾಡಿಗೆ ಇಷ್ಟು ಜೋರು ಯಾರು ಒತ್ತತಾರ?" ಅವರು ಬಸವೇಶ್ವರಿಯತ್ತ ತಿರುಗಿದರು. "ಕೂಡವ್ವ. ಎಡಗಾಲು ಚಾಚು."

ಅವಳು ಹಿಂಜರಿದಳು. ಆ ಕಾಲನ್ನು ಸೀರೆಯ ನೆರಿಗೆಯಲ್ಲಿ ಮುಚ್ಚಿಕೊಂಡೇ ಎರಡು ವರ್ಷ ಕಳೆದಿದ್ದಳು. ಆದರೂ ಚಾಚಿದಳು. ಶರಣಯ್ಯ ಅಂಗಾಲಿಗೆ ಅಂಗೈ ಒಡ್ಡಿದರು.

"ಒತ್ತು."

ಹಲ್ಲು ಕಚ್ಚಿ ಒತ್ತಿದಳು. ಅವರ ಅಂಗೈ ಕದಲಲಿಲ್ಲ.

"ಗೇರಿನ ಗಾಡಿ ಓಡಿಸಿದ ಕಾಲಿಗೆ ಒಂದು ಚಟ ಐತಿ" ಎಂದರು ಎದ್ದು ನಿಂತು. "ನಿಲ್ಲಿಸಬೇಕಂದ್ರ ಎಡಗಾಲು ಕ್ಲಚ್ ಹುಡುಕಿ ತಳದ ತನಕ ಒತ್ತತೈತಿ. ಇದರಾಗ ಕ್ಲಚ್ ಎಲ್ಲೈತಿ? ಬ್ರೇಕಿನ ಪೆಡಲ್ ಅಗಲ. ಎಡಗಾಲು ಅದರ ಮ್ಯಾಲ ಬೀಳ್ತೈತಿ. ಗಾಡಿ ಗ್ವಾಡಿಗೆ ಡಿಕ್ಕಿ ಹೊಡದಂಗ ನಿಲ್ತೈತಿ! ಇಳಿಯೂ ಮುಂದ ನ್ಯೂಟ್ರಲ್ ಮಾಡೂದೂ ಅದೇ ಚಟ. ಈ ಹುಡುಗಿ ಕಾಲಿಗೆ ಆ ಶಕ್ತಿ ಇಲ್ಲ. ಭಾನುಪ್ರಕಾಶ ದಿನಾ ಇಂಥಾ ಗಾಡಿ ಓಡಸ್ತಾನ, ಅವನಿಗೆ ಆ ಚಟ ಇಲ್ಲ."

ಎಲ್ಲರ ಕಣ್ಣೂ ಮಲ್ಲೇಶನ ಮೇಲೆ ಬಿದ್ದವು. ಅವನ ಮುಖ ಕೆಂಪಾಯಿತು. "ನನಗ ಈ ಗಾಡಿ ಬ್ಯಾಡ ಅನ್ನೂದು ಖರೆ. ಆದ್ರ ಹೆಣ್ಣಮಗಳ ಅನ್ನಕ್ಕ ಕಲ್ಲು ಹಾಕೂ ಮನಶ್ಯಾ ನಾ ಅಲ್ಲ!"

"ಗೊತ್ತೈತಿ" ಎಂದರು ಶರಣಯ್ಯ. "ಎಲ್ಲಾರೂ ಕಚೇರಿ ಕಡೆ ನಡೀರಿ, ಕುಂತು ಮಾತಾಡೋಣು."

ನಾಲ್ಕು ಹೆಜ್ಜೆ ಹೋಗಿದ್ದರು. ಹಿಂದಿನಿಂದ ಶರಣಯ್ಯ ಕೂಗಿದರು: "ಮಲ್ಲೇಶ!" ಮಲ್ಲೇಶ ಥಟ್ಟನೆ ಕತ್ತು ಹೊರಳಿಸಿದ. "ವೆಂಕಟಯ್ಯನೋರ!" ವೆಂಕಟಯ್ಯ ಕಾಲು, ಸೊಂಟ, ಹೆಗಲು ಎಲ್ಲವನ್ನೂ ಒಟ್ಟಿಗೆ ತಿರುಗಿಸಿದರು, ಕಂಬ ತಿರುಗಿದ ಹಾಗೆ.

"ಕುತ್ತಿಗೆಗೆ ಏನಾಗೇತ್ರಿ?"

"ಏಮೀ ಲೇದು... ಏನೂ ಇಲ್ರಿ."

"ಮುಂಜಾನಿ ನಾ ಚಾದ ಅಂಗಡಿ ಮುಂದ ಹಾದಾಗ ಕತ್ತು ಹೊರಳಿಸಿ ನಮಸ್ಕಾರ ಅಂದಿದ್ರಲ್ಲ? ಒಮ್ಮೆಲೆ ಬ್ರೇಕ್ ಬಿದ್ರ ಪೆಟ್ಟಿಗಿ ಒಂದೇ ಮುಂದ ಹಾರೂದಿಲ್ಲ, ತಲಿನೂ ಹಾರ್ತೈತಿ. ಜೀಪಿನ ಚಟ ನಿಮ್ಮ ಕಾಲಿಗೂ ಐತಿ. ಗಾಡಿ ಓಡಿಸಿದವರು ನೀವು."

ವೆಂಕಟಯ್ಯ ಅಲ್ಲೇ ಕಲ್ಲಿನ ಮೇಲೆ ಕೂತರು. ಮಂಡಿ ನೋವಿಗೆ ಅವರು ತಮ್ಮ ಜೀಪು ಬಿಟ್ಟು ಮೂರು ವರ್ಷವಾಗಿತ್ತು. ಕ್ಲಚ್ ಇಲ್ಲದ ಗಾಡಿ ತನ್ನ ಕೈಗೂ ಬಂದೀತೇ? ಯಾರೂ ನೋಡದಾಗ ಒಮ್ಮೆ ಇಳಿಜಾರಿನ ತನಕ ಹೋಗಿ ಬರೋಣ ಎಂದು ಹೊರಟಿದ್ದರು. ಬ್ರೇಕ್ ಬಡಿದು, ಗಾಬರಿಯಲ್ಲಿ ಕಾಲು ತೆಗೆದಾಗ ಗಾಡಿ ಮೆಲ್ಲಗೆ ಪೊದೆಗೆ ನುಗ್ಗಿತ್ತು. ನ್ಯೂಟ್ರಲ್ ಮಾಡಿ ಎಳೆದರೂ ಚಾವಿ ಬರಲಿಲ್ಲ. ಹಾಗೇ ಬಿಟ್ಟು ಒಳಗೆ ಹೋಗಿ ಮಲಗಿಕೊಂಡಿದ್ದರು.

"ನಾಚಿಕಿ ಆತಮ್ಮ. ಹೇಳಬೇಕು, ಹೇಳಬೇಕು ಅಂತಲೇ ಇದ್ದೆ."

"ನೀವು ಹೇಳೂದರೊಳಗ ನನ್ನ ಕೆಲಸ ಹೋಗ್ತಿತ್ರಿ" ಎಂದಳು ಬಸವೇಶ್ವರಿ. "ನನ್ನ ಮುಂದ ಹೇಳಿದ್ರ ಸಾಲದು. ಸಭಾದಾಗ ಹೇಳ್ರಿ."

ಹೇಳಿದರು. ಸಂಜೆ ಮೂವತ್ತು ಜನ ಸದಸ್ಯರ ಎದುರು ಎದ್ದು ನಿಂತು, ಒಂದನ್ನೂ ಮುಚ್ಚಿಡದೆ ಹೇಳಿದರು. ಅಷ್ಟರಲ್ಲಿ ನಾರಾಯಣಪೇಟೆಗೆ ತಾವೇ ಫೋನ್ ಮಾಡಿ ಬೇರೆ ಲಸಿಕೆ ತರಿಸಿದ್ದರು. ಆಮೇಲೆ ಮಲ್ಲೇಶ ಎದ್ದ.

"ಬ್ಯಾಟರಿ ಮಾತು ನಾ ಬಿಡೂದಿಲ್ಲ. ಗಾಡ್ಯಾಗ ಇನ್ನೊಂದು ಬ್ಯಾಟರಿ, ವೈರು ಇರಲೇಬೇಕು. ಅದಷ್ಟು ಬರಕೊಂಡು ಆಟೋಮ್ಯಾಟಿಕ್ಕೇ ತಗೊಳ್ರಿ. ಓಡಸಾಕ ನಮ್ಮ ಬಸಮ್ಮ ಇದ್ದಾಳ."

ಕೈಗಳು ಒಂದೊಂದಾಗಿ ಮೇಲೆದ್ದವು.

ಮರುದಿನ ಬೆಳಿಗ್ಗೆ ಗುಂಡುಮಾಲ್ ದಾರಿಯ ಹಳ್ಳದ ಮರಳಿನಲ್ಲಿ ಹಿಂಗಾಲಿಗಳು ಹೂತವು. ಪಕ್ಕದಲ್ಲಿ ಕೂತಿದ್ದ ಮಲ್ಲೇಶ ಎರಡೂ ಕೈಯಿಂದ ಹಿಡಿಕೆ ಹಿಡಿದ. ಬಸವೇಶ್ವರಿ ಗಾಡಿ ನಿಲ್ಲಿಸಿ, ನಾಲ್ಕೂ ಗಾಲಿಗೆ ಬಲ ಹೋಗುವ ಲಿವರನ್ನು ಕೆಳಗಿಳಿಸಿ, ಬಲಗಾಲನ್ನು ಆಕ್ಸಿಲರೇಟರ್ ಮೇಲೆ, ಹೂವಿನ ಮೇಲಿಟ್ಟ ಹಾಗೆ, ಇಟ್ಟಳು. ಗಾಡಿ ಒಮ್ಮೆ ನರಳಿತು. ಆಮೇಲೆ ಅಂಗುಲ ಅಂಗುಲವಾಗಿ, ಎಲ್ಲೂ ಮುಗ್ಗರಿಸದೆ, ದಂಡೆ ಹತ್ತಿತು.

ಮಲ್ಲೇಶ ಹಿಡಿಕೆಯಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಎದುರಿನ ಬಯಲಿನಲ್ಲಿ ಧೂಳೆಬ್ಬಿಸುತ್ತ ಕುರಿಗಳು ಬರುತ್ತಿದ್ದವು.