ಹಾಗಲಕಾಯಿ ಗೊಜ್ಜಿನ ಕೇಸು

"ಅತ್ತಿಗೆ ಅನ್ನೋ ಮರ್ಯಾದೆಗೆ ಇಷ್ಟೊತ್ತು ಬಾಯಿ ಮುಚ್ಕೊಂಡಿದ್ದೆ. ಇನ್ನಾಗಲ್ಲ. ನಮ್ಮಣ್ಣಂಗೆ ಏನು ಕುಟ್ಟಿ ಹಾಕ್ದೆ, ಇವರ ಮುಂದೆ ಬೊಗಳು."

"ಬೊಗಳೋದು ನಿನ್ನ ಕಸುಬು ಕಣೋ ಕಾಂತ. ನಂಗೆ ಬರಲ್ಲ."

"ನೋಡಿ ಸಾರ್, ನೋಡಿ. ಗಂಡ ಐಸಿಯೂನಲ್ಲಿ ಮಲಗವ್ನೆ, ಇವಳ ನಾಲಿಗೆ ನೋಡಿ."

ಇನ್‌ಸ್ಪೆಕ್ಟರ್ ವೆಂಕಟಗಿರಿ ಮೇಜಿನ ಮೇಲಿದ್ದ ದಪ್ಪ ರಿಜಿಸ್ಟರನ್ನು ಎತ್ತಿ ದಡಾರನೆ ಕುಕ್ಕಿದರು. ಠಾಣೆಯ ಗೋಡೆ ಗಡಿಯಾರದಲ್ಲಿ ಒಂಬತ್ತು ನಲವತ್ತು. ಮಾರ್ಚ್ ಹನ್ನೊಂದು, ಮಂಗಳವಾರ. ಅವರಿನ್ನೂ ಬೆಳಗಿನ ಕಾಫಿ ಮುಟ್ಟಿರಲಿಲ್ಲ.

"ಇದೇನು ಸಂತೆನಾ? ಒಬ್ಬರು ಮಾತಾಡಿ. ಇನ್ನೊಬ್ಬರು ಬಾಯಿ ತೆಗೆದ್ರೆ ಒಳಗೆ ಕೂರಿಸ್ತೀನಿ."

ಕಾಂತರಾಜು ಮಾತಾಡಿದ. ಐವತ್ತೆಂಟರ ಆಳು, ಬಿನ್ನಿಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಅವನ ಅಣ್ಣ ತಿಮ್ಮಯ್ಯನಿಗೆ ಅರವತ್ತೇಳು. ನಾಯಂಡಹಳ್ಳಿಯಲ್ಲಿ ಮೂವತ್ತು ವರ್ಷ ಲೇತ್ ಮಷಿನ್ ನಡೆಸಿ, ಈಗ ಆರ್‌ಪಿಸಿ ಲೇಔಟಿನ ಸ್ವಂತ ಮನೆಯಲ್ಲಿ ಹೆಂಡತಿ ಅಕ್ಕಯ್ಯಮ್ಮನ ಜೊತೆ ಇದ್ದಾನೆ. ನಿನ್ನೆ ಸೋಮವಾರ ಬೆಳಿಗ್ಗೆ ಆರಕ್ಕೆ ಬಚ್ಚಲ ಬಾಗಿಲಲ್ಲಿ ಬಿದ್ದವನಿಗೆ ಪ್ರಜ್ಞೆ ಇರಲಿಲ್ಲ. ಆಸ್ಪತ್ರೆಯವರು ಮೂತ್ರ ಪರೀಕ್ಷೆ ಮಾಡಿ, ಇವರಿಗೆ ಯಾರೂ ಬರೆದುಕೊಡದ ಔಷಧಿಯೊಂದು ಮೈಯಲ್ಲಿದೆ ಎಂದು ಠಾಣೆಗೆ ಮೆಮೊ ಕಳಿಸಿದ್ದರು. ಭಾನುವಾರ ಸಂಜೆ ಮನೆಗೆ ಹೋಗಿದ್ದ ಕಾಂತರಾಜು, ಅತ್ತಿಗೆ ಅಡುಗೆಮನೆಯಲ್ಲಿ ಕುಟ್ಟಾಣಿಯಲ್ಲಿ ಮಾತ್ರೆ ಕುಟ್ಟುವುದನ್ನು ಕಣ್ಣಾರೆ ನೋಡಿದ್ದ.

"ಕೇಳಿದ್ದಕ್ಕೆ ನನ್ನ ಶುಗರ್ ಮಾತ್ರೆ ಅಂದ್ಲು ಸಾರ್. ಶುಗರ್ ಮಾತ್ರೆ ಯಾರಾದ್ರೂ ಕುಟ್ಕೊಂಡು ತಿಂತಾರಾ?"

ವೆಂಕಟಗಿರಿ ಅಕ್ಕಯ್ಯಮ್ಮನ ಕಡೆ ತಿರುಗಿದರು. ಅರವತ್ತೆರಡರ ಸಣಕಲು ಹೆಂಗಸು. ಚಪ್ಪಲಿ ಬಿಚ್ಚಿಟ್ಟು ಎರಡೂ ಅಂಗಾಲನ್ನು ಗ್ರಾನೈಟ್ ನೆಲಕ್ಕೆ ಒತ್ತಿ ಹಿಡಿದಿದ್ದಳು.

"ಏನಮ್ಮ ಕುಟ್ಟಿದ್ದು?"

"ಅವರಿಗೆ ಪ್ರಜ್ಞೆ ಬಂತಾ ಸಾರ್?"

"ನಾನು ಕೇಳಿದ್ದೇನು, ನೀನು ಹೇಳೋದೇನು?"

"ಪ್ರಜ್ಞೆ ಬರಲಿ. ಆಮೇಲೆ ಹೇಳ್ತೀನಿ."

ಅಷ್ಟೇ. ಎಷ್ಟು ಗದರಿದರೂ ಆ ಹೆಂಗಸು ತುಟಿ ಬಿಚ್ಚಲಿಲ್ಲ. ಹತ್ತೂ ಕಾಲಿಗೆ ಎಫ್‌ಐಆರ್ ಆಯಿತು. ಭಾರತೀಯ ನ್ಯಾಯ ಸಂಹಿತೆಯ ಕಲಂ 123, ವಿಷ ಅಥವಾ ಅಮಲಿನ ಔಷಧಿ ಕೊಟ್ಟು ನೋವುಂಟುಮಾಡಿದ ಆರೋಪ. ಜಾಮೀನು ಸುಲಭಕ್ಕೆ ಸಿಗದ ಕಲಂ. ವಯಸ್ಸಾದ ಹೆಂಗಸು ಪರಪ್ಪನ ಅಗ್ರಹಾರ ಜೈಲಿನ ಚಾಪೆಯ ಮೇಲೆ ಮಲಗುವುದನ್ನು ವೆಂಕಟಗಿರಿ ಒಂದು ಗಳಿಗೆ ಕಲ್ಪಿಸಿಕೊಂಡರು. ಕಲ್ಪಿಸಿಕೊಂಡದ್ದಕ್ಕೆ ತಮ್ಮ ಮೇಲೇ ಸಿಟ್ಟು ಬಂತು.

ಮಧ್ಯಾಹ್ನ ಹನ್ನೆರಡಕ್ಕೆ ಸ್ಥಳ ಪಂಚನಾಮೆ. ಹೆಡ್ ಕಾನ್‌ಸ್ಟೆಬಲ್ ಲಕ್ಷ್ಮಿ ಅಡುಗೆಮನೆ ನೋಡಿದರು, ಕಾನ್‌ಸ್ಟೆಬಲ್ ಕಿಟ್ಟಿ ಮೊಬೈಲಿನಲ್ಲಿ ವಿಡಿಯೊ ಹಿಡಿದ. ಪಕ್ಕದ ಮನೆಯವರಿಬ್ಬರು ಪಂಚರು. ಕಬ್ಬಿಣದ ಕುಟ್ಟಾಣಿಯ ತಳದಲ್ಲಿ ಬಿಳಿ ಪುಡಿ. ಸಾಸಿವೆ ಡಬ್ಬಿಯೊಳಗೆ ಖಾಲಿ ಮಾತ್ರೆ ಹಾಳೆಗಳು. ಅವುಗಳ ಜೊತೆಗೇ ಮಡಿಸಿಟ್ಟ ಡಾಕ್ಟರ್ ಚೀಟಿ, ಅದರಲ್ಲಿ ಅಕ್ಕಯ್ಯಮ್ಮನದೇ ಹೆಸರು. ಫ್ರಿಜ್ಜಿನಲ್ಲಿ ಸ್ಟೀಲ್ ಡಬ್ಬಿಯ ತುಂಬ ಹಾಗಲಕಾಯಿ ಗೊಜ್ಜು. ಎಲ್ಲವೂ ಜಪ್ತಿ.

"ಸಾರ್, ತರಕಾರಿ ಬುಟ್ಟೀಲೂ ಬರೀ ಹಾಗಲಕಾಯಿನೇ," ಎಂದ ಕಿಟ್ಟಿ. "ನಮ್ಮಜ್ಜಿ ಮಾಡಿದ್ರೆ ನಾನು ಮನೆ ಬಿಟ್ಟು ಓಡ್ತಿದ್ದೆ."

"ನೀನು ವಿಡಿಯೊ ಹಿಡಿ. ಕತೆ ಹೇಳ್ಬೇಡ."

ಆದರೆ ಹೊರಗೆ ಬಂದ ವೆಂಕಟಗಿರಿ ನೇರ ಮೂಲೆಯ ತರಕಾರಿ ತಳ್ಳುಗಾಡಿಗೆ ಹೋದರು. ಗಾಡಿಯವನು ಹೇಳಿದ: "ಆಂಟಿ ಮೂರು ವಾರದಿಂದ ದಿನಾ ಅಂಕಲ್‌ಗೆ ಗೊಜ್ಜು ಮಾಡ್ಬೇಕು ಅಂತ ಹಾಗಲಕಾಯಿ ತಗೋತಾರೆ ಸಾರ್. ಅಂಕಲ್‌ಗೆ ಶುಗರ್ ಬಂತಾ ಅಂದ್ರೆ, ಅವರಿಗ್ಯಾಕೆ ಬರುತ್ತೆ, ನಂಗೇ ಇರೋದು ಅಂದ್ರು."

ಶುಗರ್ ಇರುವುದು ಹೆಂಡತಿಗೆ, ಹಾಗಲಕಾಯಿ ಗಂಡನ ತಟ್ಟೆಗೆ. ವೆಂಕಟಗಿರಿ ಜೀಪಿನಲ್ಲಿ ಕೂತು ಇದನ್ನು ಮೂರು ಸಲ ತಿರುವಿಹಾಕಿದರು. ಮಾತ್ರೆಯ ಕಹಿ ಮುಚ್ಚಲು ಹಾಗಲದ ಕಹಿ. ಅಂದರೆ ಯೋಚಿಸಿ ಮಾಡಿದ ಕೆಲಸ. ಕೊಲೆ ಯತ್ನ ಎಂದು ಬರೆಯಲು ಇನ್ನೇನು ಬೇಕು?

ಆಗ ಲಕ್ಷ್ಮಿ, "ಸಾರ್, ಒಂದು ವಿಷಯ," ಎಂದರು. "ಆಯಮ್ಮನ ಮಂಚದ ಪಕ್ಕ ಒಂದು ಬಕೆಟ್ ನೀರಿತ್ತು. ಒದ್ದೆ ಟವೆಲ್ ಬೇರೆ. ಠಾಣೇಲಿ ನೋಡಿದ್ರಾ, ಕಾಲು ನೆಲಕ್ಕೆ ಒತ್ಕೊಂಡೇ ಇದ್ರು. ನಮ್ಮತ್ತೆಗೂ ಶುಗರ್. ಅಂಗಾಲು ಉರಿ ಬಂದ್ರೆ ಹಿಂಗೇ ಮಾಡ್ತಾರೆ."

"ಅದಕ್ಕೆ?"

"ಗೊತ್ತಿಲ್ಲ ಸಾರ್. ಹೇಳ್ಬೇಕು ಅನ್ನಿಸ್ತು."

ಹದಿಮೂರನೇ ತಾರೀಖು ಗುರುವಾರ ಮೂರು ಗಂಟೆಗೆ ವೆಂಕಟಗಿರಿ, ಲಕ್ಷ್ಮಿ ಇಬ್ಬರೂ ಆ ಚೀಟಿ ಹಿಡಿದು ಡಾಕ್ಟರ್ ವಚನಾ ಎದುರು ಕೂತರು. ತಿಮ್ಮಯ್ಯ ದಾಖಲಾಗಿದ್ದ ಆಸ್ಪತ್ರೆಯ ಮನೋವೈದ್ಯೆ. ಮೂವತ್ತೈದರ ಹೆಣ್ಣುಮಗಳು, ಊರು ದಾವಣಗೆರೆ.

"ಇದು ಟ್ರೈಸೈಕ್ಲಿಕ್ ಅನ್ನೋ ಗುಂಪಿನ ಮಾತ್ರೆ," ಎಂದರು ಡಾಕ್ಟರ್. "ಖಿನ್ನತೆಗೆ ಅಂತ ಬಂದ ಹಳೇ ಔಷಧಿ. ಸಣ್ಣ ಪ್ರಮಾಣದಲ್ಲಿ ನರದ ಉರಿ, ನೋವಿಗೂ ಕೊಡ್ತೀವಿ. ನಿದ್ದೆ ಬರಿಸುತ್ತೆ ಅಂತ ರಾತ್ರಿ ಹೊತ್ತು. ಈಯಮ್ಮಂಗೆ ಬರೆದಿರೋದು ಕಾಲುರಿಗೆ."

"ಒಂದೇ ಮಾತ್ರೆ ಕಾಲಿಗೂ ಆಗುತ್ತೆ, ತಲೆಗೂ ಆಗುತ್ತೆ ಅಂತೀರಾ? ಹಳ್ಳಿ ಸ್ಕೂಲಲ್ಲಿ ಓದಿದೋನು ನಾನು. ಬಿಡಿಸಿ ಹೇಳಿ."

"ಒಂದು ನರ ಇನ್ನೊಂದು ನರಕ್ಕೆ ಸುದ್ದಿ ಕಳಿಸೋಕೆ ಒಂಥರಾ ರಸ ಬಿಡುತ್ತೆ. ಬಿಟ್ಟ ನರವೇ ಅದನ್ನ ವಾಪಸ್ ಹೀರ್ಕೊಳ್ಳುತ್ತೆ. ಈ ಮಾತ್ರೆ ಆ ಹೀರೋ ದಾರೀನ ಮುಚ್ಚುತ್ತೆ. ರಸ ಅಲ್ಲೇ ಹೆಚ್ಚು ಹೊತ್ತು ನಿಲ್ಲುತ್ತೆ."

"ಗದ್ದೆಗೆ ನೀರು ಬಿಟ್ಟು ತೂಬು ಮುಚ್ಚಿದ ಹಾಗೆ."

"ಸರಿಯಾಗಿ ಹೇಳಿದ್ರಿ. ಆದ್ರೆ ನೀರು ನಿಂತ ದಿನವೇ ಪೈರು ಹಸಿರಾಗಲ್ಲ ಅಲ್ವಾ? ಮನಸ್ಸು ಏಳೋಕೆ ಎರಡರಿಂದ ನಾಲ್ಕು ವಾರ ಬೇಕು. ಕೆಲವರಿಗೆ ಇನ್ನೂ ಹೆಚ್ಚು. ಅಷ್ಟರಲ್ಲಿ ಬೇಡದ ಕಡೆನೂ ಕೈ ಹಾಕುತ್ತೆ. ಬಾಯಿ ಒಣಗುತ್ತೆ, ಮಲಬದ್ಧತೆ, ಮೂತ್ರ ಕಟ್ಟುತ್ತೆ, ಎದ್ದು ನಿಂತ್ರೆ ತಲೆ ತಿರುಗುತ್ತೆ. ವಯಸ್ಸಾದವರಿಗೆ ಇಸಿಜಿ ನೋಡದೆ ಕೊಡಲ್ಲ, ಹೆಚ್ಚಾದ್ರೆ ಹೃದಯದ ಬಡಿತವೇ ತಪ್ಪುತ್ತೆ. ಅದಕ್ಕೇ ಈಗ ಖಿನ್ನತೆಗೆ ಮೊದಲು ಬೇರೆ ಮಾತ್ರೆ ಕೊಡ್ತೀವಿ. ತಿಮ್ಮಯ್ಯ ಅವರ ಬಡಿತ ತಪ್ಪಿತ್ತು. ಇನ್ನು ಒಂದೆರಡು ತಾಸು ತಡ ಆಗಿದ್ರೆ ಕಷ್ಟ ಇತ್ತು."

"ತಿಮ್ಮಯ್ಯಂಗೆ ಖಿನ್ನತೆ ಇತ್ತಾ?"

"ಇತ್ತು ಅಂತ ನನ್ನ ಅನುಮಾನ. ಪ್ರಜ್ಞೆ ಬಂದಿದೆ. ಆದ್ರೆ ನಾನು ಮನಸ್ಸಿನ ಡಾಕ್ಟರ್ ಅಂದ ಕೂಡ್ಲೇ ಗೋಡೆ ಕಡೆ ಮಗ್ಗಲು ಹಾಕಿದ್ರು."

ಲಕ್ಷ್ಮಿ ಮೆಲ್ಲಗೆ ಕೇಳಿದರು: "ಮೇಡಂ, ಈಯಮ್ಮ ತನ್ನ ಮಾತ್ರೆ ಸರಿಯಾಗಿ ತಗೋತಿದ್ರೆ ಕಾಲನ್ನ ಬಕೆಟ್ ನೀರಲ್ಲಿ ಇಡೋ ಪರಿಸ್ಥಿತಿ ಬರ್ತಿತ್ತಾ?"

ಡಾಕ್ಟರ್ ಚೀಟಿಯ ತಾರೀಖು ನೋಡಿದರು. "ಐದು ತಿಂಗಳಿಂದ ತಗೋತಿದಾರೆ. ಉರಿ ಹಿಡಿತಕ್ಕೆ ಬಂದಿರಬೇಕು. ತಟ್ಟನೆ ನಿಲ್ಲಿಸಿದ್ರೆ ವಾಪಸ್ ಬರುತ್ತೆ, ನಿದ್ದೇನೂ ಹೋಗುತ್ತೆ."

ವೆಂಕಟಗಿರಿ ಎದ್ದುನಿಂತರು. ಕೊಲ್ಲಲು ಹೊರಟವಳು ಅಂಗಡಿಯಿಂದ ಇಲಿ ಪಾಷಾಣ ತರುತ್ತಾಳೆ. ತನ್ನ ನೋವಿನ ಮಾತ್ರೆ ತಾನು ಬಿಟ್ಟು ಗಂಡನಿಗೆ ತಿನ್ನಿಸುವುದಿಲ್ಲ. ಅವಳ ಮೇಲೆ ಮಂಗಳವಾರ ಕೂಗಾಡಿದ್ದು ನೆನಪಾಯಿತು. ಚೀಟಿ ಮಡಿಸಿ ಜೇಬಿಗಿಟ್ಟುಕೊಂಡರು.

ಹದಿನಾಲ್ಕರಂದು ಬೆಳಿಗ್ಗೆ ಹನ್ನೊಂದಕ್ಕೆ ಅಕ್ಕಯ್ಯಮ್ಮನ ಮನೆಯಲ್ಲೇ ವಿಚಾರಣೆ. ಲಕ್ಷ್ಮಿ ಪಕ್ಕದಲ್ಲಿದ್ದರು, ಹೇಳಿಕೆ ಬರೆಯಲು ಕಿಟ್ಟಿ ಕೂತಿದ್ದ.

"ನಿನ್ನ ಗಂಡಂಗೆ ಪ್ರಜ್ಞೆ ಬಂದಿದೆ. ಈಗ ಹೇಳಮ್ಮ."

"ಏನಂದ್ರು ಸಾರ್ ಅವರು?"

"ಆಸ್ಪತ್ರೆ ಉಪ್ಪಿಟ್ಟಿಗೆ ಉಪ್ಪಿಲ್ಲ ಅಂತ ನರ್ಸಿಗೆ ಬೈದರಂತೆ."

ಅಕ್ಕಯ್ಯಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ವೆಂಕಟಗಿರಿಗೆ ತಿಳಿಯಲಿಲ್ಲ.

"ನಲವತ್ತು ವರ್ಷ ಸಾರ್. ಉಪ್ಪು ಜಾಸ್ತಿ, ಹುಳಿ ಕಮ್ಮಿ, ಮುದ್ದೆ ಗಂಟು. ಒಂದು ದಿನ ಬಯ್ಯದೆ ಉಂಡೋರಲ್ಲ. ಸಂಕ್ರಾಂತಿ ಆದ್ಮೇಲೆ ನಿಂತೋಯ್ತು. ಏನೂ ಆಗಿಲ್ಲ, ಯಾರೂ ಸತ್ತಿಲ್ಲ, ಸುಮ್ನೆ ನಿಂತೋಯ್ತು. ಹಾಕಿದ್ದು ಎರಡು ತುತ್ತು ತಿಂದು ಗೋಡೆ ನೋಡ್ತಾ ಕೂತ್ಕೊಳ್ಳೋರು. ಒಂದಿನ ಬೇಕಂತ್ಲೇ ಸಾರಿಗೆ ಹಿಡಿ ಉಪ್ಪು ಹಾಕ್ದೆ. ತಿಂದ್ರು ಸಾರ್. ತಟ್ಟೆ ಖಾಲಿ ಮಾಡಿ ಕೈ ತೊಳ್ಕೊಂಡ್ರು. ಅವತ್ತು ನಂಗೆ ಭಯ ಆಯ್ತು."

"ಡಾಕ್ಟರ್ ಹತ್ರ ಕರ್ಕೊಂಡು ಹೋಗ್ಬೇಕಿತ್ತು."

"ಮೂರು ಸಲ ಕೇಳ್ದೆ. ನಂಗೇನು ಹುಚ್ಚಾ ಅಂದ್ರು. ಆ ಮೆಟ್ಟಿಲು ಹತ್ತಲ್ಲ ಅಂದ್ರು."

"ಈ ಮಾತ್ರೆ ಮನಸ್ಸಿಗೂ ಆಗುತ್ತೆ ಅಂತ ಹೇಳಿದ್ಯಾರು?"

"ಮೆಡಿಕಲ್ ಸ್ಟೋರಿನ ಹುಡುಗಿ. ಆಂಟಿ, ಇದು ಕಾಲುರಿಗಾ, ಇಲ್ಲ ಮನಸ್ಸಿಗಾ ಅಂತ ಕೇಳಿದ್ಲು. ಅಯ್ಯೋ, ಮನೇಲೇ ಇಟ್ಕೊಂಡು ಊರೆಲ್ಲ ಹುಡುಕ್ತಿದೀನಲ್ಲ ಅನ್ನಿಸ್ತು. ನನ್ನ ಪಾಲಿಂದು ಅವರಿಗೆ ಕೊಟ್ಟೆ. ಮಜ್ಜಿಗೇಲಿ ಹಾಕಿದ್ರೆ ಕಹಿ ಅಂತ ಉಗುಳಿದ್ರು. ಅದಕ್ಕೆ ಹಾಗಲಕಾಯಿ ಗೊಜ್ಜು. ಬಾಯಿ ಒಣಗುತ್ತೆ ಅಂತಿದ್ರು, ಚೊಂಬು ಚೊಂಬು ನೀರು ಕುಡಿಯೋರು. ಬೇಸಿಗೆ ಅಲ್ವಾ ಅಂದ್ಕೊಂಡೆ."

"ಮತ್ತೆ ಭಾನುವಾರ?"

ಅವಳು ಅಂಗಾಲನ್ನು ನೆಲಕ್ಕೆ ಉಜ್ಜಿದಳು. ಲಕ್ಷ್ಮಿ ಬಕೆಟನ್ನು ಅವಳ ಕಾಲ ಹತ್ತಿರ ಸರಿಸಿದರು.

"ಭಾನುವಾರ ಮಧ್ಯಾಹ್ನ ಉಣ್ತಾ ಉಣ್ತಾ, 'ಏನೇ ಇದು, ಉಪ್ಪಿನ ಮೂಟೆ ಬಿಚ್ಚಿ ಸುರಿದಿದ್ಯಾ?' ಅಂದ್ರು ಸಾರ್. ಎರಡು ತಿಂಗಳ ಮೇಲೆ. ಕೆಲಸ ಮಾಡ್ತಿದೆ, ಮಾತ್ರೆ ಕೆಲಸ ಮಾಡ್ತಿದೆ ಅಂತ ನಂಗೆ ಕುಣಿಯೋ ಹಾಗಾಯ್ತು. ಇಷ್ಟಕ್ಕೇ ಇಷ್ಟು ಗುಣ ಆದ್ರೆ, ಇನ್ನಷ್ಟಕ್ಕೆ ಪೂರಾ ಆಗುತ್ತೆ ಅಂತ ರಾತ್ರಿ ಗೊಜ್ಜಿಗೆ ಜಾಸ್ತಿ ಹಾಕ್ಬಿಟ್ಟೆ. ದುಃಖಕ್ಕೆ ಹಾಕಿದ್ದಲ್ಲ ಸಾರ್. ಖುಷಿಗೆ ಹಾಕಿದ್ದು."

ಕಿಟ್ಟಿಯ ಪೆನ್ನು ನಿಂತಿತು. "ಸಾರ್, ಇದನ್ನ ಹೆಂಗೆ ಬರೀಲಿ?"

"ಅವರು ಹೇಳಿದ ಹಾಗೇ ಬರಿ."

ಎಫ್‌ಐಆರ್ ಹರಿದು ಹಾಕಲು ಬರುವುದಿಲ್ಲ. ಒಬ್ಬನ ಜೀವ ಹೋಗುವುದರಲ್ಲಿತ್ತು ಎಂಬುದೂ ಸುಳ್ಳಲ್ಲ. ವೆಂಕಟಗಿರಿ ಡಾಕ್ಟರ ಹೇಳಿಕೆ, ಮೆಡಿಕಲ್ ಸ್ಟೋರಿನ ಹುಡುಗಿಯ ಹೇಳಿಕೆ, ತಳ್ಳುಗಾಡಿಯವನ ಹೇಳಿಕೆ ಎಲ್ಲ ಸೇರಿಸಿ, ಕಲಂ 123 ಕೈಬಿಟ್ಟು ಕಲಂ 125 ಹಾಕಲು ನ್ಯಾಯಾಲಯಕ್ಕೆ ವರದಿ ಕೊಟ್ಟರು. ದುಡುಕಿನಿಂದ ಇನ್ನೊಬ್ಬರ ಜೀವಕ್ಕೆ ಅಪಾಯ ತಂದದ್ದು. ಜಾಮೀನು ಸಿಗುವ ಕಲಂ.

ಹದಿನೇಳನೇ ತಾರೀಖು ಸೋಮವಾರ ಮಧ್ಯಾಹ್ನ ಎರಡೂ ಹತ್ತಕ್ಕೆ ಲಕ್ಷ್ಮಿ ಠಾಣೆಯಲ್ಲಿ ಅಕ್ಕಯ್ಯಮ್ಮನನ್ನು ದಸ್ತಗಿರಿ ಮಾಡಿ ಮೆಮೊಗೆ ಸಹಿ ಹಾಕಿಸಿಕೊಂಡರು. ಜಾಮೀನಿಗೆ ಒಬ್ಬರು ಬೇಕಿತ್ತು. ಬಂದವನು ಕಾಂತರಾಜು.

"ದೂರು ಕೊಟ್ಟೋನೇ ಜಾಮೀನು ನಿಲ್ತೀಯೇನಯ್ಯ?"

"ನಿಲ್ಬಾರ್ದು ಅಂತ ರೂಲ್ಸ್ ಇದ್ಯಾ ಸಾರ್?" ಕಾಂತರಾಜು ಅತ್ತಿಗೆಯ ಮುಖ ನೋಡಲಿಲ್ಲ. "ಸಹಿ ಎಲ್ಲಿ ಹಾಕ್ಬೇಕು ಹೇಳಿ."

ಅವನ ಹಿಂದೆಯೇ ತಿಮ್ಮಯ್ಯ ಬಂದ. ಆವತ್ತೇ ಬೆಳಿಗ್ಗೆ ಡಿಸ್ಚಾರ್ಜ್ ಆಗಿದ್ದ. ಗಡ್ಡ ಬೆಳೆದಿತ್ತು, ಅಂಗಿ ಮೈಮೇಲೆ ಜೋಲುತ್ತಿತ್ತು. ಹೆಂಡತಿಯ ಎದುರು ಬೆಂಚಿನ ಮೇಲೆ ಕೂತು ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ನಾನೇನು ಎಮ್ಮೆನಾ," ಎಂದ, "ಹಿಂಡೀಲಿ ಕಲಸಿ ಔಷಧಿ ತಿನ್ನಿಸೋಕೆ?"

"ಎಮ್ಮೆ ಆಗಿದ್ರೆ ಕಷ್ಟ ಇರ್ಲಿಲ್ಲ. ಹಗ್ಗ ಹಿಡಿದು ಎಳೆದ್ರೆ ಡಾಕ್ಟರ್ ಹತ್ರ ಬರ್ತಿತ್ತು."

"ನನ್ನ ಸಾಯಿಸ್ಬಿಡ್ತಿದ್ದೆ ಕಣೇ ನೀನು."

"ಹೂಂ," ಎಂದಳು ಅಕ್ಕಯ್ಯಮ್ಮ. ಅವಳ ದನಿ ಸಣ್ಣದಾಯಿತು. "ಬಯ್ರಿ. ಇನ್ನೂ ಬಯ್ರಿ."

ತಿಮ್ಮಯ್ಯ ಬಯ್ಯಲಿಲ್ಲ. ಅವಳ ಕಾಲುಗಳನ್ನು ನೋಡುತ್ತಿದ್ದ. ಚಪ್ಪಲಿ ಪಕ್ಕಕ್ಕಿತ್ತು, ಬೆರಳುಗಳು ತಣ್ಣನೆ ನೆಲವನ್ನು ಒತ್ತಿ ಬೆಳ್ಳಗಾಗಿದ್ದವು. "ಎಷ್ಟು ದಿನದಿಂದ ಉರಿ?" ಎಂದು ಕೇಳಿದ. ಅವಳು ಕಾಲನ್ನು ಸೀರೆಯಡಿ ಎಳೆದುಕೊಂಡಳು. ಲಕ್ಷ್ಮಿ ಹೇಳಿದರು: "ನಾಲ್ಕು ವಾರ ಆಗ್ತಾ ಬಂತು. ನಿಮಗೆ ಕೊಟ್ಟ ದಿನದಿಂದ."

ತಿಮ್ಮಯ್ಯ ಎದ್ದ. ಹೆಗಲ ಟವೆಲ್ಲನ್ನು ಬೆಂಚಿನ ಮೇಲೆ ಬಿಟ್ಟು, ಯಾರನ್ನೂ ನೋಡದೆ, ಬಾಗಿಲು ದಾಟಿ ಹೊರಟುಹೋದ. ಕಾಂತರಾಜು ಕೂಗಿದ, ತಿರುಗಲಿಲ್ಲ.

ಎರಡೂ ಐವತ್ತು. ಮೂರೂ ಕಾಲು. ಕಾಗದಪತ್ರ ಮುಗಿದವು. ಅಕ್ಕಯ್ಯಮ್ಮ ಟವೆಲ್ ಮಡಿಸಿ ಮಡಿಲಲ್ಲಿಟ್ಟುಕೊಂಡು ಬಾಗಿಲನ್ನೇ ನೋಡುತ್ತಿದ್ದಳು. "ಸಿಟ್ಟು ಬಂದಿರಬೇಕು," ಎಂದಳು ತನಗೇ ಎಂಬಂತೆ. ವೆಂಕಟಗಿರಿ ಕಿಟ್ಟಿಯನ್ನು ಬೈಕಿನಲ್ಲಿ ಓಡಿಸಿದರು.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಫೋನ್ ಬಂತು.

"ಸಾರ್, ಸಿಕ್ಕಿದ್ರು. ಡಾಕ್ಟರ್ ವಚನಾ ಮೇಡಂ ಒಪಿಡಿ ಮುಂದೆ ಕೂತವ್ರೆ. ಟೋಕನ್ ಇಪ್ಪತ್ತೇಳು. ಬನ್ನಿ ಅಂದ್ರೆ ಬರಲ್ಲ ಅಂತಾರೆ. ನನ್ನ ಪಾಳಿ ಬರೋತನಕ ಏಳಲ್ಲ, ಹೋಗಯ್ಯ ಅಂತ ನಂಗೇ ಬೈದ್ರು."

"ಏನಂತ ಬೈದ?"

ಕಿಟ್ಟಿ ಹೇಳಿದ. ವೆಂಕಟಗಿರಿ ಅದನ್ನು ಅಕ್ಷರ ಬಿಡದೆ ಅಕ್ಕಯ್ಯಮ್ಮನಿಗೆ ಒಪ್ಪಿಸಿದರು. ಆಮೇಲೆ ಲಕ್ಷ್ಮಿ, ತಾವೇ ಆಸ್ಪತ್ರೆಯಿಂದ ತಂದಿದ್ದ ಕಾಲುರಿಯ ಹೊಸ ಚೀಟಿ, ಮಾತ್ರೆಗಳನ್ನು ಅವಳ ಕೈಗಿಟ್ಟು, ಇವತ್ತು ರಾತ್ರಿಯಿಂದ ಇದು ನೀವೇ ನುಂಗಬೇಕು, ಕುಟ್ಟಾಣಿ ಹೇಗೂ ನಮ್ಮಲ್ಲೇ ಇದೆ ಎಂದರು.