ಫಕೀರವ್ವನ ತೇವಮಸೂರ

ತೆಗೆದುಬಿಡಲೇ? ತೆಗೆದರೆ ಕಣ್ಣಗುಡ್ಡೆಯ ಮೇಲೆ ಈಗಷ್ಟೇ ಮೂಡಿದ ತೆಳುಪೊರೆ ಮಸೂರದ ಜೊತೆಗೇ ಕಿತ್ತುಬರುತ್ತದೆ, ಫಕೀರವ್ವ ಕುರುಡಿಯಾಗುತ್ತಾಳೆ. ತೆಗೆಯದಿದ್ದರೆ ಸಂಜೆಯೊಳಗೆ ಇವಳನ್ನು ಮನೆಯಿಂದ ಹೊರಹಾಕುತ್ತಾರೆ. ಚಿಮಟದ ಪೆಟ್ಟಿಗೆ ಹಿಡಿದು ನಿಂತು ವಿಜ್ಞಾನಿ ಶಿವಯೋಗಿ ಯೋಚಿಸುತ್ತಿದ್ದ.

ಬ್ಯಾಡಗಿಯ ಆ ಮನೆಯಲ್ಲಿ ಗುಡ್ಡಪ್ಪ ತೀರಿಕೊಂಡು ಮೂರು ದಿನವಾಗಿತ್ತು. ಮಾತಾಡಿಸಲು ಬಂದ ಹೆಂಗಸರು ಅವನ ಹೆಂಡತಿ ಫಕೀರವ್ವನ ಕೊರಳು ತಬ್ಬಿ, ಸತ್ತವನ ಗುಣ ಹಾಡಿಕೊಂಡು ಅಳುತ್ತಿದ್ದರು. ಅವಳ ಕಣ್ಣಿಂದ ಮಾತ್ರ ಒಂದು ಹನಿಯೂ ಉದುರಿರಲಿಲ್ಲ.

ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಲೇ ಇಪ್ಪತ್ತೆರಡು ವರ್ಷ ಕಳೆದವಳ ಕಣ್ಣು ಘಾಟಿಗೆ ಹುಣ್ಣಾಗಿತ್ತು. ಮಸೂರ ಮಾಡುವ ಸಿಲಿಕೋನ್ ಗಾಳಿಯನ್ನು ಒಳಗೆ ಬಿಡುತ್ತದೆ, ಆದರೆ ನೀರನ್ನು ಎಣ್ಣೆಯಂತೆ ದೂರ ತಳ್ಳುತ್ತದೆ. ಶಿವಯೋಗಿ ಅದರ ಅಣುಸರಪಳಿಗಳಿಗೆ ನೀರಿನೊಲವಿನ ಅಣುಗಳನ್ನು ಹೆಣೆದು ತೇವಮಸೂರ ಮಾಡಿ ಅವಳ ಕಣ್ಣಿಗೆ ಹಾಕಿದ್ದ. ಅದು ಕಣ್ಣೀರನ್ನು ಹೀರಿಟ್ಟುಕೊಂಡು, ಒಣಗಿದಾಗ ಕಣ್ಣಿಗೇ ಹಿಂತಿರುಗಿಸುತ್ತಿತ್ತು. ಹುಣ್ಣು ಮಾಯಲು ಇನ್ನೂ ಎರಡು ತಿಂಗಳು ಬೇಕಿತ್ತು.

“ಗಂಡ ಸತ್ರೂ ಅಳದಾಕಿ ನಮ್ಮ ಮನ್ಯಾಗ ಬ್ಯಾಡ,” ಎಂದ ಮೈದುನ ಮೈಲಾರಪ್ಪ. “ಆ ಗಾಜು ತಗೀರಿ ಸಾಹೇಬ್ರ. ಅತ್ತು ಆದಮ್ಯಾಲ ಮತ್ತ ಹಾಕ್ರಿ.”

“ತಗದು ಹಾಕಾಕ ಅದು ಮೂಗಿನ ಮ್ಯಾಲಿನ ಚಾಳೀಸ ಅಲ್ರಿ. ತಗದ್ರ ಕಣ್ಣು ಹೋಗ್ತಾವ,” ಎಂದ ಶಿವಯೋಗಿ.

“ಹೋದ್ರ ಹೋಗ್ಲಿ. ಮನಿ ಮಾನ ಉಳೀತೈತಿ.”

ಫಕೀರವ್ವ ತಲೆಯೆತ್ತಿದಳು. “ನಿನ್ನ ಮಾನಕ್ಕ ನನ್ನ ಕಣ್ಣು ಯಾಕ ಕೊಡ್ಲೋ ಮೈಲಾರಿ? ನಾ ತಗಸೂದಿಲ್ಲ. ಇಪ್ಪತ್ತೆರಡು ವರ್ಷ ಮೆಣಸಿನಕಾಯಿ ಮುಂದ ಕುಂತು ದಿನಾ ಅತ್ತೀನಿ. ಆವಾಗ ಯಾಂವ ಬಂದು ಒರಸಿದ್ದ? ನಿಮ್ಮಣ್ಣ? ಅಂವ ಕುಡದು ಬಂದು ಬಡದು ಮ್ಯಾಲ ನಾಕು ಹನಿ ಉದುರಿಸ್ತಿದ್ದ.”

ಅಳುತ್ತಿದ್ದ ಹೆಂಗಸರಲ್ಲಿ ಒಬ್ಬಾಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಗುವೋ ಬಿಕ್ಕೋ ತಿಳಿಯಲಿಲ್ಲ.

ಮೈಲಾರಪ್ಪ ವಿಜ್ಞಾನಿಯತ್ತ ತಿರುಗಿದ. “ಖರೇ ಹೇಳ್ರಿ. ಈಕಿ ಅಳಾಕ್ಹತ್ತಿಲ್ಲೋ, ಗಾಜು ಕಣ್ಣೀರು ಕುಡ್ಯಾಕ್ಹತ್ತೈತೋ?”

ಶಿವಯೋಗಿ ಪೆಟ್ಟಿಗೆಯ ಚಿಲಕ ಹಾಕಿದ.

“ಗಾಜು ಕುಡ್ಯಾಕ್ಹತ್ತೈತ್ರಿ. ಅದರ ಕೆಲಸಾನ ಅದು.”

ಪ್ರಯೋಗಾಲಯದವನ ಮಾತಿಗೆ ಎದುರಾಡುವ ಧೈರ್ಯ ಯಾರಿಗೂ ಬರಲಿಲ್ಲ. ಫಕೀರವ್ವ ಆ ಮನೆಯಲ್ಲೇ ಉಳಿದಳು.

ಮರುವಾರ ಮೆಣಸಿನಕಾಯಿ ಮಾರುಕಟ್ಟೆಯ ಹನ್ನೊಂದು ಹೆಂಗಸರು ಪ್ರಯೋಗಾಲಯಕ್ಕೆ ಬಂದು, “ನಮಗೂ ಒಂದೊಂದು ಜೋಡಿ ಹಾಕ್ರಿ,” ಎಂದರು. ಪರೀಕ್ಷಿಸಿದರೆ ಒಬ್ಬರ ಕಣ್ಣಲ್ಲೂ ಹುಣ್ಣಿರಲಿಲ್ಲ. ಯಾಕೆ ಬೇಕೆಂದು ಶಿವಯೋಗಿ ಕೇಳಲಿಲ್ಲ.

ಎರಡು ಹನಿ ಹೀರಿದರೆ ತೇವಮಸೂರ ತುಂಬುತ್ತದೆ. ಫಕೀರವ್ವ ನಿಜಕ್ಕೂ ಅತ್ತಿದ್ದರೆ ಮೂರನೆಯ ಹನಿ ಅವಳ ಕೆನ್ನೆಗೆ ಇಳಿಯುತ್ತಿತ್ತು. ಅದನ್ನು ಅವನು ಯಾರಿಗೂ ಹೇಳಲಿಲ್ಲ.