ಅಚ್ಚುಕಟ್ಟಾದ ಕಳ್ಳತನ

ಅಂತ್ಯಸಂಸ್ಕಾರ ಮುಗಿದು, ನೆಂಟರೆಲ್ಲ ಹೊರಟುಹೋದ ಮೇಲೆ ಮೊದಲ ಸಾಮಾನ್ಯ ಬೆಳಗು. ಹಾಲು ಬಂತು. ಪೇಪರು ಬಂತು. ಆರೂವರೆಗೆ ಗಂಡನ ಫೋನಿನ ಅಲಾರಂ ಹೊಡೆದುಕೊಂಡಿತು. ಅವಳು ಅದನ್ನು ನಿಲ್ಲಿಸಿ, ಏನು ಮಾಡುವುದೆಂದು ತೋಚದೆ ಕೂತಳು.

ಅತ್ತೆ ಬಂದು ಕೈಯಲ್ಲಿದ್ದ ಪುಟ್ಟ ಹಲಗೆ ತೋರಿಸಿದರು. "ಹಾಕು. ಕೇಳೋಣ" ಎಂದು ಬರೆದಿತ್ತು.

ಗಂಟಲಿನ ಶಸ್ತ್ರಚಿಕಿತ್ಸೆಯಲ್ಲಿ ಅತ್ತೆಯ ದನಿ ಹೋಗಿ ಎರಡು ವರ್ಷ. ಅಂದಿನಿಂದ ಮಗ ಹಳೆಯ ಕ್ಯಾಸೆಟ್ಟುಗಳಿಂದ ಆ ದನಿಯನ್ನು ಹೆಕ್ಕಿ ಹೆಕ್ಕಿ ಕಂಪ್ಯೂಟರಿಗೆ ಕಲಿಸುತ್ತಿದ್ದ. ಟೈಪ್ ಮಾಡಿದ್ದನ್ನು ಅದು ಅಮ್ಮನ ದನಿಯಲ್ಲೇ ಓದಬೇಕು. "ಮುಗೀತಮ್ಮಾ, ಶನಿವಾರ ಕೇಳಿಸ್ತೀನಿ" ಎಂದಿದ್ದ. ಶುಕ್ರವಾರ ಎದೆನೋವೆಂದು ಕೂತವನು ಏಳಲೇ ಇಲ್ಲ.

ಅವಳು ಕೆಲಸದ ಕೋಣೆಗೆ ಹೋಗಿ ಸ್ವಿಚ್ ಒತ್ತಿದಳು. ಫ್ಯಾನು ಗುಂಯ್‌ಗುಟ್ಟಿತು. ಪರದೆಯ ಮೇಲೆ ಒಂದೇ ಸಾಲು: ಡಿಸ್ಕ್ ಇಲ್ಲ.

ಕಂಪ್ಯೂಟರಿನ ಪಕ್ಕದ ಮುಚ್ಚಳಕ್ಕೆ ಕೈ ಹಾಕಿದಳು. ಅಲುಗಲಿಲ್ಲ. ನಾಲ್ಕು ಮೂಲೆಗೂ ಸ್ಕ್ರೂ! "ನಾಳೆ ಮತ್ತೆ ಬಿಚ್ಚೋದೇ ತಾನೇ" ಎಂದು ಒಂದು ದಿನವೂ ಸ್ಕ್ರೂ ಹಾಕದ ಮನುಷ್ಯ ಅವನು. ಬಿಚ್ಚಿ ನೋಡಿದರೆ ಡಿಸ್ಕ್ ಇರಬೇಕಾದ ಜಾಗ ಖಾಲಿ. ಅದು ಸರಿ. ಆದರೆ ಒಳಗೆ ಧೂಳಿನ ಒಂದು ಕಣವೂ ಇಲ್ಲ. ಜಡೆಗಟ್ಟಿಕೊಂಡಿದ್ದ ವೈರುಗಳೆಲ್ಲ ಬಣ್ಣಬಣ್ಣವಾಗಿ ಸಾಲು ಹಿಡಿದು ಕೂತಿವೆ. ವೈರು ಕಟ್ಟುವ ಪ್ಲಾಸ್ಟಿಕ್ ಟೈ ಬಿಗಿದು, ಮಿಕ್ಕ ಬಾಲವನ್ನು ಬುಡದಲ್ಲೇ ಕತ್ತರಿಸಿದ್ದಾರೆ. ಬೆರಳಾಡಿಸಿದರೆ ಚುಚ್ಚುವುದೂ ಇಲ್ಲ.

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಹರಿದ ಪುಸ್ತಕ ರಿಪೇರಿ ಮಾಡುವುದು ಅವಳ ಕೆಲಸ. ಹೊಲಿಗೆ ನೋಡಿ ಯಾರ ಕೈ ಎಂದು ಹೇಳಬಲ್ಲಳು. ಇದು ಗಂಡನ ಕೈಯಲ್ಲ. ಒಂದು ಟೈ ಕಿತ್ತು ಬೆಳಕಿಗೆ ಹಿಡಿದಳು. ಕತ್ತರಿಸಿದ ಅಂಚಿನ ನಡುವೆ ಕೂದಲೆಳೆಯಷ್ಟು ಉಬ್ಬು. ಕತ್ತರಿಸಿದ ಬ್ಲೇಡಿನ ಬಾಯಿ ಅಲ್ಲಿ ಮುಕ್ಕಾಗಿದೆ.

ಐದು ದಿನಗಳಲ್ಲಿ ಮೊದಲ ಬಾರಿಗೆ ಪರ್ಸು ಕೈಗೆತ್ತಿಕೊಂಡು, ಟೈಯನ್ನು ಅದರಲ್ಲಿ ಹಾಕಿಕೊಂಡಳು.

"ಇನ್ನೊಂದು ಕಾಪಿ?" ಅತ್ತೆ ಬರೆದರು.

"ಎಲ್ಲೂ ಇಲ್ಲ ಅತ್ತೆ. ಕಾಪಿ ಇಟ್ಕೊಳ್ಳಿ ಅಂತ ಊರಿಗೆಲ್ಲ ಉಪದೇಶ ಮಾಡಿದ್ರು, ತಮ್ಮದಕ್ಕೆ ಇರಲಿಲ್ಲ. ಕ್ಯಾಸೆಟ್ಟೂ ಬೂಷ್ಟು ಹಿಡಿದು ಹೋಯ್ತು."

"ಪೊಲೀಸ್?"

"ಅವರು ಬರೋ ಹೊತ್ತಿಗೆ ಮುಗಿದಿರುತ್ತೆ. ಈ ಕಂಪ್ಯೂಟರ್ ಹುಚ್ಚರು ಡಿಸ್ಕ್ ಕೈಗೆ ಸಿಕ್ಕರೆ ಮೊದಲು ಅಳಿಸ್ತಾರೆ, ಆಮೇಲೆ ಯೋಚನೆ ಮಾಡ್ತಾರೆ. ಸಂಸ್ಕಾರದ ದಿನ ಈ ಕೋಣೆಗೆ ಯಾರು ಬಂದಿದ್ರು?"

ಅತ್ತೆ ಆ ದಿನವಿಡೀ ಕೋಣೆಯ ಎದುರಿನ ಕುರ್ಚಿಯಲ್ಲೇ ಕೂತಿದ್ದರು. ಸರಸರನೆ ಬರೆದರು: "ಮೊದಲು ಗುಜರಿಯವನು. ಆಮೇಲೆ ಮೇಷ್ಟ್ರು. ಕೊನೆಗೆ ಚಿಕ್ಕವನು. ಮೂವರೂ ಬಾಗಿಲು ಹಾಕಿಕೊಂಡರು. ಅಳುತ್ತಿದ್ದಾರೆ ಅಂದುಕೊಂಡೆ."

*

ಗುಜರಿಯವನೆಂದರೆ ಹಳೆಯ ಕಂಪ್ಯೂಟರುಗಳ ವ್ಯಾಪಾರಿ. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಮೇಲಿನಿಂದ ವೈರುಗಳು ಬಿಳಲಿನಂತೆ ನೇತಾಡುತ್ತಿದ್ದವು.

"ನಮ್ಮನೆ ಕೋಣೆಗೆ ಯಾಕೆ ಹೋಗಿದ್ದೆ?"

ಅವನ ಮುಖ ಪೆಚ್ಚಾಯಿತು. "ಬೆಲೆ ಕಟ್ಟೋಕೆ ಅಕ್ಕಾ. ಸಾವಿನ ಮನೇಲಿ! ಉಗೀರಿ ಬೇಕಾದ್ರೆ."

"ಆಮೇಲೆ ಉಗೀತೀನಿ. ಡಿಸ್ಕ್ ಇತ್ತಾ?"

"ಇತ್ತು. ಕಣ್ಣಾರೆ ನೋಡಿದೆ. ಮುಚ್ಚಳ ಹಾರು ಹೊಡೆದಿತ್ತು, ವೈರೆಲ್ಲ ಕೆದರಿಕೊಂಡಿತ್ತು. ಅಣ್ಣನ ಪದ್ಧತಿ ನಿಮಗೆ ಗೊತ್ತಲ್ಲ."

ಅವಳು ಅಂಗಡಿಯನ್ನೊಮ್ಮೆ ನೋಡಿದಳು. ಇಲ್ಲಿ ಬಾಲ ಕತ್ತರಿಸಿದ ಒಂದೇ ಒಂದು ಟೈ ಇಲ್ಲ. ಟೈಯೇ ಇಲ್ಲ. ಇವನು ಸುಳ್ಳು ಹೇಳುತ್ತಿಲ್ಲ.

"ಅಂಗಡಿ ಮುಚ್ಚು. ನನ್ನ ಜೊತೆ ಬಾ."

*

ಚಿಕ್ಕವನೆಂದರೆ ಮೈದುನ. ಫೋನ್ ಅಂಗಡಿಯಲ್ಲಿ ಮಾರಾಟದ ಕೆಲಸ. ಅತ್ತಿಗೆಯನ್ನು ಕಂಡವನೇ ಬ್ಯಾಗನ್ನು ಕಾಲಿನ ಹಿಂದೆ ತಳ್ಳಿದ.

"ತೆಗಿ" ಎಂದಳು.

"ಏನಿಲ್ಲ ಅತ್ತಿಗೆ..."

"ತೆಗಿಯೋ."

ಬ್ಯಾಗಿನಿಂದ ಬಂದದ್ದು ಅಣ್ಣನ ದೊಡ್ಡ ಹೆಡ್‌ಫೋನು. ಕಿವಿಯ ಮೆತ್ತೆ ಹರಿದು ಹತ್ತಿ ಹೊರಬಂದಿತ್ತು. "ಕೇಳಿದ್ರೆ ನೀವು ಕೊಡ್ತಿದ್ರಿ. ಕೇಳೋಕೆ ಬಾಯಿ ಬರಲಿಲ್ಲ" ಎಂದು ಅವನು ಬಿಕ್ಕಿದ.

ಅವಳು ಹೆಡ್‌ಫೋನನ್ನು ವಾಪಸ್ ಅವನ ಬ್ಯಾಗಿಗೇ ಹಾಕಿ, "ನೀನು ಹೋದಾಗ ಕಂಪ್ಯೂಟರ್ ಮುಚ್ಚಳ ತೆಗೆದಿತ್ತಾ?" ಎಂದಳು.

"ಇಲ್ಲ, ಮುಚ್ಚಿತ್ತು. ಅಣ್ಣ ಕೊನೆಗೂ ಸುಧಾರಿಸಿದ್ದ ಅಂದ್ಕೊಂಡೆ."

ಗುಜರಿಯವನು ಹೋದಾಗ ತೆರೆದಿತ್ತು. ಮೈದುನ ಹೋದಾಗ ಮುಚ್ಚಿತ್ತು. ನಡುವೆ ಹೋದವರು ಒಬ್ಬರೇ.

"ಮೇಷ್ಟ್ರಾ? ಛೆ, ದೇವರಂಥ ಮನುಷ್ಯ ಅಕ್ಕಾ" ಎಂದ ಗುಜರಿಯವನು. "ಇವತ್ತು ನಮ್ಮ ಕಂಪ್ಯೂಟರ್ ಕ್ಲಬ್ಬಲ್ಲೇ ಇರ್ತಾರೆ. ನಾಳೆ ಪ್ರದರ್ಶನ ಅಲ್ವಾ, ಟೇಬಲ್ ಜೋಡಿಸ್ತಿದ್ದಾರೆ."

"ಒಂದು ಕಂತೆ ವೈರ್ ಬೇಕು ನನಗೆ. ಎಷ್ಟು ಗೋಜಲಾಗಿದ್ರೆ ಅಷ್ಟು ಒಳ್ಳೇದು."

"ನನ್ನ ಹತ್ತಿರ ಬೇರೆ ಥರದ್ದು ಇಲ್ಲವೇ ಇಲ್ಲ."

*

ಕ್ಲಬ್ಬಿನ ಸಭಾಂಗಣದಲ್ಲಿ ಹತ್ತಾರು ಜನ. ಒಂದು ಮೂಲೆಯಲ್ಲಿ ಪುಟ್ಟ ರೋಬೋಟೊಂದು ಗೋಡೆಗೆ ಗುದ್ದಿಕೊಳ್ಳುತ್ತಿತ್ತು. ಇನ್ನೊಂದು ಮೂಲೆಯಲ್ಲಿ ಯಾವ ಕೀಬೋರ್ಡಿನ ಸದ್ದು ಇಂಪೆಂದು ಇಬ್ಬರು ಕಿತ್ತಾಡುತ್ತಿದ್ದರು. ಭೌತಶಾಸ್ತ್ರದ ಮೇಷ್ಟ್ರ ಟೇಬಲ್ ಮಾತ್ರ ಕನ್ನಡಿಯಂತಿತ್ತು. ಲ್ಯಾಪ್‌ಟಾಪು, ಅದಕ್ಕೆ ಜೋಡಿಸಿದ ಒಂದು ಡಿಸ್ಕು, ಪಕ್ಕದಲ್ಲಿ ಅಚ್ಚಾದ ಫಲಕ: "ಮಾತಾಡುವ ಯಂತ್ರ." ಅದರ ಕೆಳಗೆ ಮೇಷ್ಟ್ರ ಹೆಸರು. ಅವರದೊಂದೇ ಹೆಸರು.

"ಬಾರಮ್ಮಾ. ಇಷ್ಟು ಬೇಗ ಹೊರಗೆ ಯಾಕೆ ಬಂದೆ?"

"ಕ್ಲಬ್ಬಿಗೆ ಕೊಡೋಣ ಅಂತ ತಂದೆ ಮೇಷ್ಟ್ರೇ." ವೈರಿನ ಕಂತೆಯನ್ನು ಟೇಬಲ್ ಮೇಲೆ ಸುರಿದಳು.

ಮೇಷ್ಟ್ರ ಹುಬ್ಬು ಗಂಟಿಕ್ಕಿತು. ಒಳ್ಳೆಯ ಹುಡುಗ, ಎಂಥ ಬುದ್ಧಿ, ಹೀಗಾಗಬಾರದಿತ್ತು ಎನ್ನುತ್ತಲೇ ಅವರ ಕೈಗಳು ತಾವಾಗಿ ಕಂತೆಗೆ ಹೋದವು. ಗೋಜಲು ಬಿಡಿಸಿದವು. ಕೆಂಪಿನ ಜೊತೆ ಕೆಂಪು, ಕಪ್ಪಿನ ಜೊತೆ ಕಪ್ಪು. ಜೇಬಿನಿಂದ ಒಂದು ಟೈ ಬಂತು, ಬಿಗಿಯಿತು. ಕೀಗೊಂಚಲಿನ ನೇಲ್ ಕಟರ್ ಹೊರಬಂತು. ಟಕ್! ಬಾಲ ಬುಡದಲ್ಲೇ ಬಿತ್ತು.

ಅವಳು ಬಗ್ಗಿ ನೋಡಿದಳು. ಅಂಚಿನ ನಡುವೆ ಕೂದಲೆಳೆಯಷ್ಟು ಉಬ್ಬು. ಪರ್ಸಿನಿಂದ ಬೆಳಗಿನ ಟೈ ತೆಗೆದು ಪಕ್ಕಕ್ಕಿಟ್ಟಳು. ಅದೇ ಜಾಗ, ಅದೇ ಉಬ್ಬು.

ಆಗಲೇ ಲ್ಯಾಪ್‌ಟಾಪಿನ ಪರದೆ ಅವಳ ಕಣ್ಣಿಗೆ ಬಿದ್ದದ್ದು. "ಡಿಸ್ಕಿನಲ್ಲಿರುವ ಎಲ್ಲವೂ ಅಳಿಸಿಹೋಗುತ್ತದೆ. ಮುಂದುವರಿಸಲೇ?"

ಮೇಷ್ಟ್ರ ಬೆರಳು ಕೀಬೋರ್ಡಿನತ್ತ ಸರಿಯಿತು. ಅವಳು ಅಡ್ಡ ಕೈ ಹಾಕಿ "ಬೇಡ" ಒತ್ತಿದಳು. ಎಷ್ಟು ಜೋರಾಗಿ ಒತ್ತಿದಳೆಂದರೆ ಟೇಬಲ್ ಅದುರಿತು. ಎಲ್ಲರೂ ಇತ್ತ ತಿರುಗಿದರು.

"ಏನಮ್ಮಾ ಇದು?"

"ಬೇರೆ ಕಳ್ಳನಾಗಿದ್ರೆ ಡಿಸ್ಕ್ ಕಿತ್ಕೊಂಡು ಓಡ್ತಿದ್ದ. ನಿಮಗೆ ಆ ಧೂಳು, ಆ ಗೋಜಲು ನೋಡಿ ಕೈ ಸುಮ್ಮನಿರಲಿಲ್ಲ. ಒರೆಸಿದ್ರಿ, ಕಟ್ಟಿದ್ರಿ, ನಾಲ್ಕು ಸ್ಕ್ರೂ ಹಾಕಿದ್ರಿ. ನಿಮ್ಮ ನೇಲ್ ಕಟರ್ ಬಾಯಿ ಮುಕ್ಕಾಗಿದೆ ಮೇಷ್ಟ್ರೇ. ಎರಡೂ ಟೈ ಇಲ್ಲೇ ಇವೆ, ಯಾರು ಬೇಕಾದ್ರೂ ನೋಡಲಿ."

ಗುಜರಿಯವನು ಡಿಸ್ಕನ್ನು ತೆರೆದು ನೋಡಿದ. ಮೊದಲ ಫೋಲ್ಡರಿನ ಹೆಸರು: ಅಮ್ಮ.

ಮೇಷ್ಟ್ರು ಕುರ್ಚಿಗೆ ಕುಸಿದರು. "ಅವನಂತೂ ಹೋದ. ಅಂಥ ಕೆಲಸ ಹಾಳಾಗಬಾರದು ಅಂತ... ಪ್ರೋಗ್ರಾಂ ಮಾತ್ರ ತಗೊಂಡೆ. ನನ್ನ ದನಿ ಹಾಕಿದೆ."

"ಅತ್ತೆಯ ದನಿ?"

"ಅದು ಇದ್ರೆ ಯಾರ ಕೆಲಸ ಅಂತ ಗೊತ್ತಾಗುತ್ತಲ್ಲಮ್ಮಾ."

ಕೀಬೋರ್ಡಿಗಾಗಿ ಕಿತ್ತಾಡುತ್ತಿದ್ದವರಲ್ಲೊಬ್ಬ ಎದ್ದು ಬಂದು ಆ ಫಲಕವನ್ನು ಬೋರಲು ಹಾಕಿದ. ಗುಜರಿಯವನು ಲ್ಯಾಪ್‌ಟಾಪಿನಲ್ಲಿದ್ದ ಪ್ರೋಗ್ರಾಮನ್ನು ಮೇಷ್ಟ್ರ ಎದುರಿಗೇ ಅಳಿಸಿದ. ಆಮೇಲೆ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ, ಕೈಗೂಸಿನ ಹಾಗೆ ಎತ್ತಿಕೊಂಡ.

*

ಸಂಜೆ ಡಿಸ್ಕ್ ತನ್ನ ಜಾಗದಲ್ಲಿ ಕೂತಿತು. ಮೊದಲು ಎರಡು ಕಾಪಿ ಮಾಡಿದ ಮೇಲೆಯೇ ಗುಜರಿಯವನು ಕೀಬೋರ್ಡ್ ಬಿಟ್ಟುಕೊಟ್ಟದ್ದು. ಅತ್ತೆ ಒಂದೊಂದೇ ಅಕ್ಷರ ಒತ್ತಿದರು. ಕೋಣೆಯಲ್ಲಿ ಎರಡು ವರ್ಷದ ಹಿಂದಿನ ದನಿ ಎದ್ದಿತು. ತುಸು ಗೊಗ್ಗರು, ತುಸು ಜೋರು, ಗದರಿಸುವ ದನಿ.

"ಮೇಷ್ಟ್ರ ಆಸಿಲೋಸ್ಕೋಪ್, ಆ ಅಲೆ ತೋರಿಸೋ ಯಂತ್ರ, ನನ್ನ ಮಂಚದ ಕೆಳಗಿದೆ. ಅವನು ಕಳೆದ ತಿಂಗಳು ಕೇಳಿ ತಂದಿದ್ದು. ಕೊಟ್ಟು ಬಾ. ಇನ್ನೊಬ್ಬರ ಸಾಮಾನು ನಮಗೆ ಯಾಕೆ?"

ಅವಳಿಗೆ ನಗು ಬಂತು. ಅದರ ಹಿಂದೆಯೇ ಅಷ್ಟು ದಿನ ಬಾರದ ಅಳುವೂ ಬಂತು.

"ನಾಳೆ ಕೊಟ್ಟರಾಯ್ತು ಅತ್ತೆ."

"ಈಗ" ಎಂದಿತು ದನಿ.

ಮೇಷ್ಟ್ರು ತಮ್ಮ ಮನೆಯ ಬಾಗಿಲು ತೆರೆದರು. ಅವಳ ತೋಳಿನಲ್ಲಿದ್ದ ಹಳೆಯ ಯಂತ್ರವನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದರು.

"ಅವರು ನಿಮ್ಮ ಹತ್ತಿರ ಕೇಳಿ ತಂದಿದ್ದು" ಎಂದಳು.

"ನಾನು ಯಾವ ಮುಖ ಇಟ್ಕೊಂಡು ತಗೊಳ್ಳಲಮ್ಮಾ?"

"ಕೈ ಚಾಚಿ ಮೇಷ್ಟ್ರೇ. ನನ್ನ ತೋಳು ಸೋಲ್ತಿದೆ."

ಅವರು ಎರಡೂ ಕೈ ಚಾಚಿದರು.